ಒದ್ದೆ ಚಾದರದ ಇನ್ನೊಂದು ತುದಿಗೆ ಒಬ್ಬರನ್ನು ಕೊಡುವ ಬಗ್ಗೆ

ಇಂದ:
ಅರ್ಜಿದಾರಳು, ಚಾದರ ವಿಭಾಗ,
ಹೋಟೆಲಿನ ಲಾಂಡ್ರಿ, ನೆಲಮಾಳಿಗೆ (ಬಿಸಿನೀರಿನ ಪೈಪು ತಲೆಗೆ ತಾಗುವ ಕಡೆ)

ಗೆ:
ಮಾನ್ಯ ಮೇಲ್ವಿಚಾರಕರು,
ಅದೇ ನೆಲಮಾಳಿಗೆ (ಫ್ಯಾನು ಇರುವ ಕಡೆ)

ವಿಷಯ: ಸೊಂಟನೋವಿಗೆ ಮಾತ್ರೆಯ ಬದಲು ಮನುಷ್ಯರನ್ನು ಮಂಜೂರು ಮಾಡುವ ಕುರಿತು.

ಉಲ್ಲೇಖ: ೧. ತಮ್ಮ ಮೌಖಿಕ ಆದೇಶ: "ಒಂದು ನುಂಗಮ್ಮ, ಸರಿಹೋಗುತ್ತೆ."
೨. ಅದೇ ವಿಷಯವಾಗಿ ಡಾಕ್ಟರಮ್ಮನವರ ಮೌಖಿಕ ಬೈಗುಳ.

ಮಾನ್ಯರೇ,

ಸದರಿ ಅರ್ಜಿದಾರಳು ಬಹಳ ವರ್ಷಗಳ ಹಿಂದೆ, ಕಣ್ಣೂ ಮೈಯೂ ಹಳದಿಯಾಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಾಗ, ಆಗಿನ್ನೂ ಹಾಲುಹಲ್ಲು ಬೀಳುತ್ತಿದ್ದ ಮಗಳ ಕೈ ಹಿಡಿದು, "ಡಾಕ್ಟರಮ್ಮನ್ನ ಕೇಳದೆ ಇನ್ಮೇಲೆ ಒಂದು ಮಾತ್ರೇನೂ ನುಂಗಲ್ಲ ಕಣೇ" ಎಂದು ಮಾತು ಕೊಟ್ಟಿರುತ್ತಾಳೆ. ಲಿವರು ಆಗಲೇ ಅರ್ಧ ಗಟ್ಟಿಯಾಗಿತ್ತೆಂದೂ, ಉಳಿದರ್ಧವನ್ನು ಜೋಪಾನ ಮಾಡಿಕೊಂಡರೆ ಮಗಳ ಓದು ಮುಗಿಯುವುದನ್ನು ಕಣ್ಣಾರೆ ನೋಡಬಹುದೆಂದೂ ಡಾಕ್ಟರಮ್ಮನವರು ತಿಳಿಸಿರುತ್ತಾರೆ.

ಹೀಗಿರುವಲ್ಲಿ, ಕೆಳಕಂಡ ಅಂಶಗಳನ್ನು ತಮ್ಮ ಗಮನಕ್ಕೆ ತರಲಾಗಿದೆ:

೧. ಒದ್ದೆ ಚಾದರವನ್ನು ಯಂತ್ರದಿಂದ ಎಳೆದು, ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ಕೊಡವುವುದು ಈ ಲಾಂಡ್ರಿಯ ಪದ್ಧತಿ. ಆ ತುದಿಯ ಅಕ್ಕ ಕೆಲಸ ಬಿಟ್ಟಂದಿನಿಂದ ಆ ತುದಿಯನ್ನು ಗೋಡೆಯ ಮೊಳೆ ಹಿಡಿಯುತ್ತಿದೆ. ಮೊಳೆಯ ನಡತೆಯ ಬಗ್ಗೆ ದೂರಿಲ್ಲ. ಆದರೆ ಅದು ಬಗ್ಗುವುದಿಲ್ಲ. ಕಾರಣ, ಬಗ್ಗುವ ಕೆಲಸವೆಲ್ಲ ಅರ್ಜಿದಾರಳ ಪಾಲಿಗೆ ಬಂದಿದ್ದು, ವರ್ಷಗಟ್ಟಲೆ ಹಳೆಯ ಸೊಂಟನೋವು ಈಗ ಬಡ್ತಿ ಪಡೆದು ಕಾಲಿನವರೆಗೂ ಇಳಿದಿರುತ್ತದೆ.

೨. ಸೊಂಟ ಹಿಡಿದು ನಿಂತವಳನ್ನು ಕಂಡು ತಾವು ದಯಮಾಡಿ ತಮ್ಮ ಬಿಸ್ಕತ್ತಿನ ಡಬ್ಬಿ ತೆರೆದಿರಿ. ಗಿರಾಕಿಗಳ ಜೇಬಿನಲ್ಲಿ ಸಿಕ್ಕ ಮಾತ್ರೆಗಳನ್ನು ಒಗೆಯುವ ಮುಂಚೆ ತೆಗೆದು ಆ ಡಬ್ಬಿಯಲ್ಲಿಟ್ಟು, ತಲೆನೋವಿಗೆ ಗುಲಾಬಿ, ಸೊಂಟಕ್ಕೆ ಬಿಳಿ, ಸುಸ್ತಿಗೆ ಹಳದಿ ಎಂದು ಹಂಚುವುದು ಈ ನೆಲಮಾಳಿಗೆಯ ವಾಡಿಕೆ. ಬಟ್ಟೆಯನ್ನು ಬಣ್ಣ ನೋಡಿ ಬೇರ್ಪಡಿಸಿ ರೂಢಿಯಾದ ಕೈಗೆ ಇದು ಸಹಜವೇ.

೩. "ನಂದು ಲಿವರ್ ಸರಿ ಇಲ್ಲ ಸಾರ್" ಎಂದು ಅರಿಕೆ ಮಾಡಿಕೊಂಡಾಗ, "ಸೊಂಟ ಹಿಂದೆ, ಲಿವರ್ ಮುಂದೆ. ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?" ಎಂದು ತಾವು ಅಪ್ಪಣೆ ಕೊಡಿಸಿದಿರಿ. ಟವೆಲ್ ವಿಭಾಗದ ಅಕ್ಕ, "ಬಿಡೇ, ನಮ್ ಸಾರು ಡಾಕ್ಟ್ರಿಗಿಂತ ಒಂದು ಕೈ ಮೇಲು" ಎಂದು ನಕ್ಕರು. ತಾವು ಅದನ್ನು ಹೊಗಳಿಕೆಯೆಂದು ಸ್ವೀಕರಿಸಿದಿರಿ. ಅರ್ಜಿದಾರಳು ಒಂದು ಬಿಳಿ, ಒಂದು ಹಳದಿ ಪಡೆದು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡಳು. ನೋವು ಎಂಥದ್ದೆಂದರೆ, ಬಸ್ಸಿನಲ್ಲಿ ಕೈ ತಾನೇ ತಾನಾಗಿ ಗಂಟು ಬಿಚ್ಚತೊಡಗಿತ್ತು. ಇಳಿಯುವ ಜಾಗ ದಾಟಿ, ಆಸ್ಪತ್ರೆಯ ಬಳಿ ಇಳಿಯಲಾಯಿತು.

೪. ಮಾತ್ರೆಗಳಿಗೆ ಅಂಟಿದ್ದ ಬೆಳ್ಳಿಹಾಳೆಯ ಚೂರು ಓದಿದ ಡಾಕ್ಟರಮ್ಮನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಬಿಳೀದು ನಿನ್ನಂಥ ಲಿವರ್ ಇರೋರಿಗೆ ಆಗಲ್ಲ. ಹೊಟ್ಟೇಲಿ ರಕ್ತ ಸೋರಬಹುದು, ಕಿಡ್ನಿ ಕೈ ಕೊಡಬಹುದು. ಈ ಹಳದೀದು ಯಾರು ಕೊಟ್ಟಿದ್ದು?"

"ನಮ್ ಸಾರು. ಸುಸ್ತಾದಾಗ ಅವರೂ ತಗೋತಾರೆ."

"ಅವರಿಗೆ ಬಾಲ ಇದೆಯಾ? ಇದು ನಾಯಿ ಹೊಟ್ಟೆ ಹುಳಕ್ಕೆ ಕೊಡೋದು."

ಸದರಿ ವಿಷಯವು ತಮ್ಮ ವೈಯಕ್ತಿಕ ಆರೋಗ್ಯಕ್ಕೆ ಸಂಬಂಧಿಸಿದ್ದರಿಂದ ಗೌಪ್ಯವಾಗಿ ಇಡಲಾಗಿದೆ. ಟವೆಲ್ ಅಕ್ಕನಿಗೆ ಮಾತ್ರ ತಿಳಿಸಲಾಗಿದೆ.

೫. ಡಾಕ್ಟರಮ್ಮನವರ ಆದೇಶದ ಸಾರಾಂಶ: ತಡೆಯಲಾಗದಿದ್ದಾಗ ಮಾತ್ರ ಸಾದಾ ಪ್ಯಾರಾಸಿಟಮಾಲ್, ಅದೂ ಅವರು ಬರೆದುಕೊಟ್ಟಷ್ಟೇ. ಶೀತದ ಮಾತ್ರೆಯಲ್ಲೂ ಅದೇ ಅಡಗಿರಬಹುದಾದ್ದರಿಂದ ಕೇಳದೆ ಎರಡನ್ನೂ ಸೇರಿಸಕೂಡದು. ಯಾರೋ ಹೇಳಿದ ಬೇರು, ಕಷಾಯಗಳೂ ಕೂಡದು. ಬಿಸಿನೀರಿನ ಚೀಲ, ಕಲಿಸಿಕೊಟ್ಟ ವ್ಯಾಯಾಮ, ಒಂದಿಷ್ಟು ನಡಿಗೆ. "ಮುಖ್ಯವಾಗಿ, ಒದ್ದೆ ಬಟ್ಟೆ ಒಬ್ಬಳೇ ಎತ್ತಬೇಡ. ಇನ್ನೊಬ್ಬರನ್ನ ಕೇಳು." "ಕೇಳೋದಕ್ಕಿಂತ ನುಂಗೋದೇ ಸುಲಭ ಡಾಕ್ಟರಮ್ಮ" ಎಂದು ಅರ್ಜಿದಾರಳು ಸಲ್ಲಿಸಿದ ಮೇಲ್ಮನವಿ ಅಲ್ಲೇ ವಜಾ ಆಗಿರುತ್ತದೆ.

೬. ಅದರಂತೆ ತಮ್ಮನ್ನು ಕೇಳಲಾಯಿತು. "ಇವತ್ತು ನಿಂಗೆ ಆಳು ಕೊಟ್ರೆ ನಾಳೆ ಎಲ್ಲರೂ ಸೋಫಾ ಕೇಳ್ತಾರೆ" ಎಂದಿರಿ. ಸೋಫಾ ಯಾರೂ ಕೇಳಿಲ್ಲ. ಬಂದರೂ ಅದರ ಗವಸು ಒಗೆಯುವವರು ನಾವೇ.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, ಚಾದರದ ಆ ತುದಿಗೆ ಒಬ್ಬರನ್ನು, ಯಾರೂ ಇಲ್ಲವಾದರೆ ತಮ್ಮನ್ನೇ, ನೇಮಿಸಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ಒದ್ದೆ ಚಾದರಗಳು ಯಂತ್ರದೊಳಗೇ ಇರುತ್ತವೆ, ಅರ್ಜಿದಾರಳು ಒಣಗಿದ ದಿಂಬಿನ ಗವಸು ಮಡಚುತ್ತಿರುತ್ತಾಳೆ. ಇದು ಬೆದರಿಕೆಯಲ್ಲ, ಮಾಹಿತಿ.

ಬಗ್ಗಲಾಗದ ಕಾರಣ ನೆಟ್ಟಗೆ ನಿಂತೇ ವಂದಿಸುವ,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತುಗಳು:
೧. ಡಾಕ್ಟರಮ್ಮನವರ ಚೀಟಿ.
೨. ಬಿಳಿ ಮಾತ್ರೆ, ಒಂದು.
೩. ಹಳದಿ ಮಾತ್ರೆ, ಒಂದು (ಗೇಟಿನ ಕಾವಲು ನಾಯಿಗೆ ಕೊಡುವುದಾದರೂ ಅದರ ಡಾಕ್ಟರನ್ನು ಕೇಳಿ ಕೊಡುವುದು).

ವಿ.ಸೂ.: ಎರಡೂ ಮಾತ್ರೆ ವಾಪಸು ಬಂದಿವೆ ಎಂದು ಸಹಿ ಮಾಡಿ ಕೊಡಬೇಕಾಗಿ ಕೋರಿಕೆ, ಮಗಳು ನೋಡಬೇಕಂತೆ. ಆಕೆಗೆ ಕೊಟ್ಟ ಮಾತನ್ನು ಅರ್ಜಿದಾರಳು ಉಳಿಸಿಕೊಂಡಿರುತ್ತಾಳೆ.