ಉಪ್ಪಿನಕಾಯಿಯ ಮುಚ್ಚಳವೂ ನನ್ನ ಗುಳಿಗೆಯೂ

ನನ್ನ ಕೈಲಾಗದ ಕೆಲಸಕ್ಕೆ ಬೇರೆ ಯಾರನ್ನಾದರೂ ಹೊಣೆ ಮಾಡುವುದು ನನ್ನ ಹುಟ್ಟುಗುಣ. ರೊಟ್ಟಿ ಹರಿದರೆ ಹಿಟ್ಟಿನ ತಪ್ಪು, ಬಸ್ಸು ತಪ್ಪಿದರೆ ಗಡಿಯಾರದ ತಪ್ಪು. ಹೀಗಿರುವಾಗ ಕಲಬುರಗಿಯಿಂದ ಅವ್ವ ಕಳಿಸಿದ ಮಾವಿನ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಮೂರು ದಿನವಾದರೂ ಜಗ್ಗದಿದ್ದಾಗ, ತಪ್ಪು ನನ್ನದೆಂದು ಒಪ್ಪಿಕೊಳ್ಳುವ ಹೆಂಗಸು ನಾನಲ್ಲ. ಸೆರಗು ಸುತ್ತಿ ತಿರುಗಿಸಿದೆ, ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದೆ, ಕೊನೆಗೆ ಬಾಯಿಗೆ ಬಂದಂತೆ ಬೈದೆ. ಅದನ್ನು ಬಿಗಿದ ಅವ್ವನಿಗೆ ಎಪ್ಪತ್ತು ದಾಟಿದೆ, ನನಗೆ ಮೂವತ್ತೆಂಟು. ಹಾಗಾದರೆ ನನ್ನ ಶಕ್ತಿ ಎಲ್ಲಿ ಹೋಯಿತು?

ಫೋನಿನಲ್ಲಿ ಹುಡುಕಿದೆ, ಅಪರಾಧಿ ಸಿಕ್ಕಿಬಿಟ್ಟಿತು. ಗರ್ಭ ನಿಲ್ಲದಿರಲು ನುಂಗುವ ಹಾರ್ಮೋನಿನ ಗುಳಿಗೆ ಹೆಂಗಸರ ಸ್ನಾಯುಗಳನ್ನು ಸಡಿಲ ಮಾಡಿ ಮೈಯಲ್ಲಿ ಕೊಬ್ಬು ಕೂಡಿಸುತ್ತದಂತೆ, ಯಾರೋ ಬರೆದಿದ್ದರು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ನಾನು ಅದನ್ನು ನುಂಗುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸುವುದು ನನ್ನ ಜಾಯಮಾನದಲ್ಲೇ ಇಲ್ಲ, ಯಾಕೆಂದರೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಗುಳಿಗೆಪಟ್ಟಿಯ ಯಾವ ಗೂಡು ಖಾಲಿ ಉಳಿದಿದೆ ಎಂದು ನೋಡುವುದೇ ನನ್ನ ನೌಕರಿ. ಅಲ್ಲಿ ಖಾಲಿ ಗೂಡು ಕಂಡರೆ ಎತ್ತಿ ಎಸೆಯುತ್ತೇನೆ, ಮನೆಯಲ್ಲಿ ತುಂಬಿದ ಗೂಡು ಕಂಡರೆ ನುಂಗುತ್ತೇನೆ. ಅಪರಾಧಿ ಸಿಕ್ಕ ಖುಷಿಯಲ್ಲಿ, ಮನೆಯಿರುವ ಮೆಹದಿಪಟ್ಟಣಂನಿಂದ ಕಾರ್ಖಾನೆಯವರೆಗೆ ದಿನಾ ಬಸ್ಸಿನ ಕಂಬಿಗೆ ಜೋತುಬೀಳುವುದು ಇದೇ ಕೈ ಎಂಬುದನ್ನು ಮಾತ್ರ ಮರೆತೆ.

ನನ್ನ ಯಜಮಾನರು ಒಡಿಶಾದಲ್ಲಿ ಸೇತುವೆ ಕಟ್ಟಿಸುತ್ತಾರೆ. ಯುಗಾದಿಗೆ ಬಂದು ಹೋದವರು ದಸರೆಗೂ ಬರಲಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದಾಳೆ. ಫೋನಿನಲ್ಲಿ ಅವರಿಗೆ ಮುಚ್ಚಳದ ದೂರು ಹೇಳಿದೆ. "ಅದಕ್ಯಾಕ ಇಷ್ಟು ತ್ರಾಸ ಮಾಡ್ಕೋತಿ? ಇರಲಿ ಬಿಡು, ನಾ ಬಂದಾಗ ತಗೀತೀನಿ," ಅಂದರು. ಯಾವಾಗ ಬರುತ್ತೀರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರನ್ನು ಯಾರೋ ಕರೆದರು.

ಗುಳಿಗೆ ಬರೆದುಕೊಟ್ಟ ಡಾಕ್ಟರಮ್ಮನ ಮುಂದೆ ನನ್ನ ಸಂಶೋಧನೆಯನ್ನೆಲ್ಲ ಇಟ್ಟೆ. ಆಕೆ ನಗಲಿಲ್ಲ, ಅದೇ ದೊಡ್ಡ ಉಪಕಾರ. ಗುಳಿಗೆಯಿಂದ ತೋಳಿನ ಬಲ ಹೇಳಿಕೊಳ್ಳುವಷ್ಟು ಕುಗ್ಗುತ್ತದೆ ಎಂದು ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ, ವಯಸ್ಸಾಗುತ್ತಿದೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ ಎಂದರು. ಮೈಗೆ ಬಂದ ಕೊಬ್ಬಿನ ಮಾತೆತ್ತಿದಾಗ ಸಂಜೆ ಏನು ತಿನ್ನುತ್ತೀರಿ ಎಂದರು. ನಾನು ಮಿರ್ಚಿ ಭಜ್ಜಿಯ ವಿಷಯ ಮುಚ್ಚಿಟ್ಟೆ. ಕೊನೆಗೆ, ಯಜಮಾನರು ಊರಲ್ಲಿ ಇಲ್ಲವಲ್ಲ, ಅಷ್ಟು ಅನುಮಾನವಿದ್ದರೆ ಕೆಲವು ತಿಂಗಳು ಗುಳಿಗೆ ನಿಲ್ಲಿಸಿ ನೋಡಿ, ಈಗ ಅದರ ಅಗತ್ಯವಾದರೂ ಏನಿದೆ, ಎಂದು ಸಹಜವಾಗಿ ಕೇಳಿದರು. ಆಕೆಯ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಬಸ್ಸಿನಲ್ಲಿ ಮನೆ ಸೇರುವವರೆಗೆ ನನಗೆ ಅಳು ಬರುತ್ತಲೇ ಇತ್ತು.

ಬಾಟಲಿ ಹಿಡಿದು ಕೆಳಮನೆಯ ಶಾಂತಕ್ಕನ ಹತ್ತಿರ ಇಳಿದೆ. ಆಕೆ ಬೀದರಿನವರು, ನಿವೃತ್ತ ಟೀಚರು. ಪೂರ್ತಿ ಕಥೆ ಕೇಳಿ, "ಪಾಪ, ತಪ್ಪು ಗುಳಿಗಿ ಮ್ಯಾಲ ಯಾಕ ಹಾಕ್ತೀಯವ್ವಾ? ಎಣ್ಣಿ ಇಳಿದು ಮುಚ್ಚಳ ಹಿಡಕೊಂಡೈತಿ," ಎಂದು ಬಾಟಲಿಯನ್ನು ಬಿಸಿನೀರಿನಲ್ಲಿ ತಲೆಕೆಳಗು ಮಾಡಿ ಇಟ್ಟರು. ಸ್ವಲ್ಪ ಹೊತ್ತಿಗೆ ಒರೆಸಿ ತಿರುಗಿಸಿದರೆ ಮುಚ್ಚಳ ಟಕ್ಕನೆ ಬಂತು. "ಒಬ್ಬಾಕಿನೇ ಕುಂತು ಉಣಬ್ಯಾಡ, ಇಲ್ಲೇ ಬಾ," ಎಂದರು. ನಾಳೆ ಬರುತ್ತೇನೆಂದು ಸುಳ್ಳು ಹೇಳಿ ಮೇಲೆ ಬಂದೆ.

ಬಿಸಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಒಬ್ಬಳೇ ಉಂಡೆ. ಅವ್ವನ ಕೈ ರುಚಿ ಹಾಗೇ ಇತ್ತು. ಆಮೇಲೆ ಮುಚ್ಚಳ ಹಾಕಿ, ಹಲ್ಲು ಕಚ್ಚಿ, ಅಂಗೈ ಕೆಂಪಾಗುವವರೆಗೆ ತಿರುವಿ ತಿರುವಿ ಬಿಗಿದೆ. ಬೆಳಿಗ್ಗೆ ತಿರುಗಿಸಿ ನೋಡಿದೆ, ಅಲುಗಲಿಲ್ಲ. ನನ್ನ ತೋಳಿನ ಬಲ ಎಲ್ಲಿಗೂ ಹೋಗಿಲ್ಲವೆಂದು ಡಾಕ್ಟರಮ್ಮನಿಗೆ ಹೇಳಬೇಕು. ಚಹಾ ಕುದಿಯುವಷ್ಟರಲ್ಲಿ ಆ ದಿನದ ಗುಳಿಗೆಯನ್ನೂ ನುಂಗಿದೆ. ಬಂದಾಗ ತೆಗೆಯುತ್ತೇನೆ ಅಂದಿದ್ದಾರಲ್ಲ ಯಜಮಾನರು.