ಹದಿನೇಳನೇ ನಂಬರಿನ ಪೇಶಂಟ್

ಧರ್ಮಣ್ಣ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಪಕ್ಕದ ಕಾಶಿಬಾಯಿಯ ಮನೆಯೊಳಗೆ ಧರ್ಮಣ್ಣ ಕೆಮ್ಮಿದ.

ಬೇರೆ ಯಾರದೋ ಕೆಮ್ಮು ಎನ್ನುವ ಹಾಗಿರಲಿಲ್ಲ. ಇಪ್ಪತ್ತು ವರ್ಷ ಟೆಂಪೋ ಓಡಿಸಿ, ಧೂಳು ಕುಡಿದು ಸಂಪಾದಿಸಿದ ಕೆಮ್ಮು ಅದು. ಎರಡು ಸಣ್ಣದು, ಒಂದು ದೊಡ್ಡದು, ಕೊನೆಗೆ ಗಂಟಲು ಕೆರೆಯುವ ಒಂದು ‘ಹ್ಹ’. ಕಿಣ್ಣಿ ಸುಲ್ತಾನ ಊರಿನ ನಾಯಿಗಳಿಗೂ ಅದರ ಗುರುತಿತ್ತು. ಕಟ್ಟೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಧರ್ಮಣ್ಣನ ಮುಖ ನೋಡಿತು, ಕಾಶಿಬಾಯಿಯ ಬಾಗಿಲು ನೋಡಿತು, ಬಾಲ ಮುದುರಿಕೊಂಡು ಹೊರಟುಹೋಯಿತು.

ಗೋಡೆಯಾಚೆಯಿಂದ ಅವನದೇ ದನಿ ಬಂತು. “ಆರಾಮ್ ಅದೀನ್ರಿ. ಏನೂ ಆಗಿಲ್ಲ.”

ಆಮೇಲೆ ಒಂದು ನರಳಿಕೆ, ‘ಕೂಂ’ ಎಂದು ಎಳೆದ ಸದ್ದು. ಅದರ ಹಿಂದೆಯೇ ಕಾಶಿಬಾಯಿಯ ಬೊಬ್ಬೆ: “ಅಯ್ಯಯ್ಯೋ, ಧರ್ಮಣ್ಣ ಹೋದ್ನಲ್ಲವ್ವಾ!”

ಒಳಗಿನಿಂದ ಓಡಿಬಂದ ಹೆಂಡತಿ ಜಗದೇವಿ, ಚಹಾದ ಬಸಿ ಹಿಡಿದು ಕೂತ ಗಂಡನನ್ನು ಎರಡು ಸಲ ನೋಡಿದಳು. ಆದರೂ ಸಮಾಧಾನವಾಗದೆ ಕೈ ಮುಟ್ಟಿ ನೋಡಿ, “ಬೆಚ್ಚಗ ಅದಾರ,” ಎಂದು ತನಗೆ ತಾನೇ ಹೇಳಿಕೊಂಡಳು.

ಖರೇ ಹೇಳಬೇಕೆಂದರೆ ಧರ್ಮಣ್ಣನಿಗೆ ಅವತ್ತು ಸಾಯಲೂ ಪುರುಸೊತ್ತಿರಲಿಲ್ಲ. ಟೆಂಪೋ ಗುಜರಿಗೆ ಹೋಗಿ ಎಂಟು ತಿಂಗಳಾಗಿತ್ತು. ಈಗ ಆಳಂದದ ಒಂದು ಶಾಲೆಯ ಬಸ್ ಓಡಿಸುವ ಕೆಲಸ ಸಿಕ್ಕಂತೆಯೇ ಇತ್ತು. ಆಳು ಗಟ್ಟಿ ಇದ್ದಾನೆಂದು ಡಾಕ್ಟರು ಬರೆದ ಚೀಟಿಯೊಂದು ಬಾಕಿ. “ಇವತ್ತ ಸಂಜಿ ಐದರೊಳಗ ತರಬೇಕು. ಇಲ್ಲಂದ್ರ ಈ ಕೆಲಸಕ್ಕ ಮುಜೀಬ ಕಾಯಾಕತ್ತಾನ,” ಎಂದು ಶಾಲೆಯ ಸೆಕ್ರೆಟರಿ ದೌಲತರಾಯರು ಹೇಳಿ ಕಳಿಸಿದ್ದರು.

ಎಡ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಧರ್ಮಣ್ಣ ಪಕ್ಕದ ಮನೆಗೆ ಹೋದ. ಕಲಬುರಗಿಯಲ್ಲಿ ಡಾಕ್ಟರಿಕೆ ಓದುವ ಕಾಶಿಬಾಯಿಯ ಮೊಮ್ಮಗಳು ಭಾಗ್ಯಾ ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು. ಅದರಲ್ಲೊಂದು ಆಸ್ಪತ್ರೆಯ ಮಂಚ. ಮಂಚದ ಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಕಣ್ಣು ಬಿಟ್ಟುಕೊಂಡು ಧರ್ಮಣ್ಣ ಮಲಗಿದ್ದ.

“ಹೆದರಬ್ಯಾಡ್ರಿ ಕಾಕಾ,” ಎಂದಳು ಭಾಗ್ಯಾ. “ಇವ ಡಿಜಿಟಲ್ ಪೇಶಂಟ್. ಹದಿನೇಳನೇ ನಂಬರ್. ಹಿಂದಿನವರು ಹೆಣದ ಮ್ಯಾಲ ಕಲೀತಿದ್ರು, ಆಮ್ಯಾಲ ಗೊಂಬಿ ಬಂದ್ವು, ಈಗ ಇವ ಬಂದಾನ. ಪುಸ್ತಕ ಓದಿದವರು ಛಲೋ ಡಾಕ್ಟರ್ ಆಗ್ತಾರೋ, ಇವನ ಜೋಡಿ ಮಾತಾಡಿ ಕಲ್ತವರು ಆಗ್ತಾರೋ ಅಂತ ನಯೀಮ್ ಸರ್ ಸಂಶೋಧನೆ ನಡಸ್ಯಾರ. ನಾವು ಕೇಳಿದ್ದಕ್ಕೆಲ್ಲ ಇವನೇ ವಿಚಾರ ಮಾಡಿ ಜವಾಬು ಕೊಡ್ತಾನ.”

ಧರ್ಮಣ್ಣನಿಗೆ ಆಗ ನೆನಪಾಯಿತು. ಹೋದ ವರ್ಷ ತೊಗರಿ ಚೀಲ ಇಳಿಸಿ ಬರುವಾಗ ಆ ನಯೀಮ್ ಡಾಕ್ಟರು ಕಾಲೇಜಿನ ಗೇಟಿನಲ್ಲಿ ಅವನನ್ನು ತಡೆದು, “ನಿಮ್ಮಂಥಾ ಮುಖಾನೇ ಬೇಕಿತ್ತು,” ಎಂದು ಒಳಗೆ ಕರೆದೊಯ್ದಿದ್ದರು. ಕತ್ತಲ ಕೋಣೆ, ಸುತ್ತ ಕ್ಯಾಮೆರಾ. ನಡೆ ಎಂದರೆ ನಡೆದಿದ್ದ, ಮಲಗು ಎಂದರೆ ಮಲಗಿದ್ದ, ಕೆಮ್ಮು ಎಂದರೆ ಕೇಳಿದ್ದಕ್ಕಿಂತ ಜಾಸ್ತಿಯೇ ಕೆಮ್ಮಿದ್ದ. ಊಟ ಹಾಕಿಸಿ ಕಳಿಸಿದ್ದರು. ಅವನು ಊರಿಗೆ ಬಂದಿದ್ದ. ಅವನಂಥ ಇನ್ನೊಬ್ಬ ಅಲ್ಲೇ ಉಳಿದಿದ್ದ.

“ಮತ್ತ ಇವ ಸತ್ತದ್ದ್ಯಾಕ?”

“ನನ್ನ ಔಷಧ ತಪ್ಪಿತ್ರಿ. ಹನ್ನೊಂದು ಸಲ ನೋಡೇನಿ ಕಾಕಾ, ಹನ್ನೊಂದೂ ಸಲ ಸತ್ತೀರಿ.” ಭಾಗ್ಯಾಳ ಕಣ್ಣಲ್ಲಿ ನೀರಿತ್ತು. “ಆರಾಮ್ ಅದೀನಿ ಅಂತೀರಿ, ಆದ್ರ ಕೈ ಎಡ ಹೆಗಲಿಗೆ ಹೋಗ್ತದ. ಎದಿ ಬ್ಯಾನಿ ಅಂತ ತಿಳದು ಔಷಧ ಕೊಟ್ರ ಸಾಯ್ತೀರಿ. ನಮ್ಮ ಕಾಲೇಜಿನಾಗ ಯಾರ ಕೈಯಾಗೂ ನೀವು ಉಳದಿಲ್ಲ.”

“ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಗ್ತದಂತಾರ ಬಿಡು,” ಎಂದು ಧರ್ಮಣ್ಣ ನಗಲು ನೋಡಿದ.

“ಒಮ್ಮೆ ಸುಳ್ಳಾದ್ರ ಹೆಚ್ಚಾಗ್ತದ ತಮ್ಮಾ,” ಎಂದಳು ಕಾಶಿಬಾಯಿ. “ಹನ್ನೊಂದು ಸಲ ಯಾರರ ಸುಮ್ಮ ಸಾಯ್ತಾರೇನು?” ಅವನ ಹೆಗಲ ಟವೆಲ್ ಎಳೆದು ಕಣ್ಣೊರೆಸಿಕೊಂಡಳು. ಅವನು ವಾಪಸು ಕೇಳಿದಾಗ ಎದೆಗವುಚಿಕೊಂಡಳು. “ಇರ್ಲಿ ಬಿಡೋ. ನಿನ್ನ ನೆನಪಿಗೆ.”

ಒಂದು ತಾಸಿನೊಳಗೆ ಸುದ್ದಿ ಊರು ತುಂಬಿತು. ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಬರುವ ಪದ್ಧತಿ ಉಂಟಲ್ಲ, ಅದಕ್ಕೆ ಬೇನೆ ಇರಲೇಬೇಕೆಂಬ ಕಾನೂನಿಲ್ಲ. ಬಾಳೆಹಣ್ಣು, ಬಿಸ್ಕಿಟ್ ಪುಡಿಕೆ ಹಿಡಿದು ಜನ ಬಂದರು. ಮೊದಲು ಕಾಶಿಬಾಯಿಯ ಮನೆಗೆ ಹೋಗಿ ಧರ್ಮಣ್ಣ ಸಾಯುವುದನ್ನು ನೋಡುವುದು, ಆಮೇಲೆ ಪಕ್ಕಕ್ಕೆ ಬಂದು ಧರ್ಮಣ್ಣನನ್ನು ಮಾತಾಡಿಸುವುದು. ಬಂದವರೆಲ್ಲ ದನಿ ತಗ್ಗಿಸುತ್ತಿದ್ದರು. ಹೀಗೇ ಹೆಗಲು ಹಿಡಿದುಕೊಂಡು ಹೋದ ತಮ್ಮ ತಮ್ಮ ಬೀಗರ ಕತೆ ಹೇಳಿ ಎದ್ದು ಹೋಗುತ್ತಿದ್ದರು. ಕಣ್ಣು ಮಾತ್ರ ಅವನ ಎದೆಯ ಮೇಲೆ, ಉಸಿರಾಟ ಎಣಿಸುವವರ ಹಾಗೆ.

ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಲಾಡ್ಲೆಸಾಬನೂ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಕಹಾ-ಸುನಾ, ಅಂದದ್ದು ಆಡಿದ್ದು ಎಲ್ಲಾ ಮಾಫ್ ಮಾಡು ಭಾಯಿ. ಅಂದು ನಿನ್ನ ಹುಂಜ ತಿಂದಂವ ನಾನೇ.”

“ನಾ ಆರಾಮ್ ಅದೀನಿ ಮಾರಾಯಾ! ಏನೂ ಆಗಿಲ್ಲ!”

ಲಾಡ್ಲೆಸಾಬ ಒಂದು ಹೆಜ್ಜೆ ಹಿಂದೆ ಸರಿದ. “ಅಂವನೂ ಇದೇ ಅಂದ,” ಎಂದು ಪಿಸುಗುಟ್ಟಿ, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೋದ.

ಧರ್ಮಣ್ಣನ ಸಿಟ್ಟು ನೆತ್ತಿಗೇರಿತು. ಕಾಶಿಬಾಯಿಯ ಮನೆಗೆ ನುಗ್ಗಿದ. ಭಾಗ್ಯಾ ಊಟಕ್ಕೆ ಒಳಗೆ ಹೋಗಿದ್ದಳು. ನಡುಮನೆಯಲ್ಲಿ ಟ್ಯಾಬ್ ಒಂದೇ ಇತ್ತು. ಮಧ್ಯಾಹ್ನದ ಬಿಸಿಲಿನಲ್ಲೂ ಆ ಕೋಣೆ ಯಾಕೋ ತಣ್ಣಗಿತ್ತು. ಮಂಚದ ಮೇಲಿನವನು ಮತ್ತೆ ಬದುಕಿ ಎದ್ದು ಕೂತಿದ್ದ, ಯಾರನ್ನೋ ಕಾಯುವವನಂತೆ.

“ಯಾರಪ್ಪಾ ನೀ?” ಎಂದ ಧರ್ಮಣ್ಣ.

“ಧರ್ಮಣ್ಣ ಅಂತಾರ್ರಿ. ಕಿಣ್ಣಿ ಸುಲ್ತಾನದಂವ.”

“ಸುಳ್ಳ ಹೇಳಬ್ಯಾಡ. ಧರ್ಮಣ್ಣ ನಾ ಅದೀನಿ.”

ಪೇಶಂಟ್ ಸ್ವಲ್ಪ ಹೊತ್ತು ವಿಚಾರ ಮಾಡಿದ. ತಲೆ ಎತ್ತಿ ನೇರ ಅವನ ಕಣ್ಣಿಗೇ ನೋಡಿ ಕೇಳಿದ: “ಹಂಗಾದ್ರ ನಿಮಗೂ ಹಿಂಗೇ ಆಗಾಕತ್ತದೇನ್ರಿ?”

ಟ್ಯಾಬಿನವನ ಬಲಗೈ ಮೆಲ್ಲಗೆ ಮೇಲೆದ್ದು ಎಡ ಹೆಗಲ ಕಡೆ ಹೊರಟಿತು. ಮುಂದಿನದನ್ನು ನೋಡಲು ಧರ್ಮಣ್ಣ ನಿಲ್ಲಲಿಲ್ಲ. ಹೆದರಿಕೆ ಎಂದರೆ ಹೆದರಿಕೆಯೇ, ಅದರಲ್ಲಿ ನಾಚಿಕೆ ಏನು ಬಂತು?

ಜನರ ಬಾಯಿ ಮುಚ್ಚಿಸಲಿಕ್ಕೂ ಸೈ, ಕೆಲಸಕ್ಕೂ ಸೈ, ಚೀಟಿ ಒಂದು ಕೈಗೆ ಬಂದರೆ ಎಲ್ಲ ಮುಗಿಯುತ್ತದೆ ಎಂದುಕೊಂಡು ಆಳಂದಕ್ಕೆ ಹೊರಟ. ಯಾರಾದರೂ ಕೇಳಿದರೆ ತಿಳಿಸಿ ಹೇಳಲಿಕ್ಕಿರಲಿ ಎಂದು ಭಾಗ್ಯಾಳನ್ನೂ, ಅವಳ ಟ್ಯಾಬನ್ನೂ ಕರೆದುಕೊಂಡ. ಎಂದೂ ಕಾಲಿಡಲು ಜಾಗವಿಲ್ಲದ ಟಂಟಂ ಆಟೋದಲ್ಲಿ ಅವತ್ತು ಭಾಗ್ಯಾಳ ಹೊರತು ಯಾರೂ ಅವನ ಮಗ್ಗುಲಿಗೆ ಕೂಡಲಿಲ್ಲ.

ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಡಾಕ್ಟರಮ್ಮ ಇದ್ದರು, ಹೆಸರು ಅನುರಾಧಾ. ಭಾಗ್ಯಾಳ ಕಾಲೇಜಿನಲ್ಲೇ ಓದಿ ಈ ವರ್ಷ ಪಾಸಾದವರು. ಚೀಟಿಯ ಪುಸ್ತಕ ತೆರೆಯುತ್ತ ತಲೆ ಎತ್ತಿದವರ ಕೈಯಿಂದ ಪೆನ್ನು ಜಾರಿತು.

“ಹದಿನೇಳು,” ಎಂದರು, ತುಟಿಯಲ್ಲೇ.

“ನಮಸ್ಕಾರ್ರಿ. ಒಂದು ಸರ್ಟಿಫಿಕೇಟ್ ಬೇಕಾಗಿತ್ರಿ. ಬಸ್ ಓಡಸಾಕ.”

“ಏನಾದ್ರೂ ತಕಲೀಫ್ ಅದ?”

“ಆರಾಮ್ ಅದೀನ್ರಿ,” ಎಂದ ಧರ್ಮಣ್ಣ. “ಏನೂ ಆಗಿಲ್ಲ.”

ಆ ಮಾತು ಬಾಯಿಂದ ಬಿದ್ದದ್ದೇ ತಡ, ಡಾಕ್ಟರಮ್ಮ ಎದ್ದು ನಿಂತರು. ಕಾಲೇಜಿನ ಟ್ಯಾಬಿನಲ್ಲೂ ಇದೇ ಮುಖ, ಇದೇ ಮಾತು. ಈ ಮನುಷ್ಯ ಅವರ ಕಣ್ಣೆದುರು ಏಳು ಸಲ ಸತ್ತಿದ್ದ. ಎಂಟನೆಯದಕ್ಕೆ ಅವರು ತಯಾರಿರಲಿಲ್ಲ. “ಸಿಸ್ಟರ್, ಮಲಗಸ್ರಿ ಇವರನ್ನ!”

ಎದೆಗೆ ತಂತಿ ಹಚ್ಚಿದರು, ಕೈಗೆ ಸಲೈನ್ ಚುಚ್ಚಿದರು. ಇಸಿಜಿ ಕಾಗದದ ಮೇಲೆ ಗೆರೆಗಳೆಲ್ಲ ಸರಿಯಾಗಿಯೇ ಬಂದವು. “ಅಲ್ಲೂ ಸರಿಯಾಗೇ ಬರ್ತಿದ್ವು,” ಎಂದು ಡಾಕ್ಟರಮ್ಮ ತಲೆಯಾಡಿಸಿದರು. ತಲೆಯ ಮೇಲೆ ಬೆಳ್ಳಗಿನ ದೀಪ, ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡು. ಇದು ಬೆಳಿಗ್ಗೆ ತಾನು ನೋಡಿದ ಮಂಚವೇ ಎಂದು ಧರ್ಮಣ್ಣನಿಗೆ ಹೊಳೆಯಿತು. ಗೋಡೆಯ ಗಡಿಯಾರ ನಾಲ್ಕೂವರೆ ದಾಟಿತ್ತು.

“ಭಾಗ್ಯಾ, ಆ ನಯೀಮ್ ಸಾಹೇಬ್ರಿಗೆ ಫೋನ್ ಹಚ್ಚವ್ವಾ!” ಎಂದು ಗೋಗರೆದ.

ಭಾಗ್ಯಾ ಹೇಳಿದ್ದನ್ನು ಕೇಳಿ ಫೋನಿನಲ್ಲಿ ನಯೀಮ್ ಡಾಕ್ಟರು ಹೊಟ್ಟೆ ತುಂಬ ನಕ್ಕರು. ಎಲ್ಲರಿಗೂ ಕೇಳುವಂತೆ ಭಾಗ್ಯಾ ಸ್ಪೀಕರ್ ಹಾಕಿದ್ದಳು. “ಅನುರಾಧಾ, ಆ ರೋಗ ನಾವು ಬರದದ್ದವ್ವಾ, ಅವರದಲ್ಲ! ಅದು ಹೃದಯದ ಕೇಸೂ ಅಲ್ಲ, ಹೊಟ್ಟಿಯೊಳಗಿನ ಹುಣ್ಣು. ಇಸಿಜಿ ಛಲೋ ಇದ್ರ ಬರದು ಕೊಡು.”

ಅನುರಾಧಾ ಡಾಕ್ಟರಮ್ಮನ ಮುಖಕ್ಕೆ ರಕ್ತ ವಾಪಸು ಬಂತು. ಸಂಕೋಚದಿಂದ ನಕ್ಕು, ಚೀಟಿಯ ಪುಸ್ತಕ ಎಳೆದು ‘ಧರ್ಮಣ್ಣ’ ಎಂದು ಬರೆದರು. ಧರ್ಮಣ್ಣ ಮಂಚದಿಂದ ಕಾಲು ಇಳಿಬಿಟ್ಟ. ಶಾಲೆಯ ಬಸ್ಸು ಅವನ ಕಣ್ಣ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು.

“ಹಾಂ, ಧರ್ಮಣ್ಣೋರೇ, ಸಿಕ್ಕಿದ್ದು ಛಲೋ ಆತು,” ಎಂದರು ನಯೀಮ್ ಡಾಕ್ಟರು. “ಒಂದು ತಪ್ಪು ಮೂರು ತಿಂಗಳಿಂದ ಹುಡುಕಾಕತ್ತೇವಿ. ಹೊಟ್ಟಿ ಬ್ಯಾನಿ ಪೇಶಂಟ್ ಹೊಟ್ಟಿ ಹಿಡಕೋಬೇಕಲ್ಲ? ನಿಮ್ಮಂವ ಎಡ ಹೆಗಲು ಹಿಡಕೋತಾನ. ಅದಕ್ಕ ಹುಡುಗರೆಲ್ಲ ಹೃದಯ ಅಂತ ತಿಳದು ಫೇಲ್ ಆಗಾಕತ್ತಾರ. ಆ ಕೈ ನಾವು ಬರದಿಲ್ಲ. ಕ್ಯಾಮೆರಾ ನಿಮ್ಮಿಂದಾನೇ ತಗೊಂಡಿರಬೇಕು.”

“ಅಯ್ಯ, ಅದು ಟವೆಲ್ರಿ ಸಾಹೇಬ್ರ!” ಧರ್ಮಣ್ಣ ಮನಸ್ಸು ಬಿಚ್ಚಿ ನಕ್ಕ. “ಹೆಗಲ ಮ್ಯಾಲಿನ ಟವೆಲ್ ಜಾರ್ತದ. ಸರಿ ಮಾಡ್ಕೋತೇನಿ, ರೂಢಿ.”



“ಟವೆಲ್ ಹೊರಗ ಇಡಿಸಿದ್ವಲ್ರಿ ಧರ್ಮಣ್ಣೋರೇ,” ಎಂದರು ನಯೀಮ್ ಡಾಕ್ಟರು. ಈಗ ದನಿಯಲ್ಲಿ ನಗೆ ಇರಲಿಲ್ಲ. “ಆ ದಿನ ನಿಮ್ಮ ಮೈಮ್ಯಾಲ ಅಂಗಿನೂ ಇರಲಿಲ್ಲ.”

ಭಾಗ್ಯಾ, ಸಿಸ್ಟರ್, ಡಾಕ್ಟರಮ್ಮ, ಮೂವರೂ ಧರ್ಮಣ್ಣನನ್ನೇ ನೋಡುತ್ತಿದ್ದರು. ಅವನ ಮುಖವನ್ನಲ್ಲ. ಅವರ ದೃಷ್ಟಿಯ ಬೆನ್ನು ಹಿಡಿದು ಧರ್ಮಣ್ಣನೂ ನೋಡಿಕೊಂಡ. ಅವನ ಬಲಗೈ ಎಡ ಹೆಗಲನ್ನು ಮೆಲ್ಲಗೆ ಒತ್ತುತ್ತಿತ್ತು. ಟವೆಲ್ ಬೆಳಿಗ್ಗೆಯೇ ಕಾಶಿಬಾಯಿಯ ಪಾಲಾಗಿತ್ತು.

“ಎಷ್ಟು ದಿನದಿಂದ?” ಎಂದು ಕೇಳಿದರು ಅನುರಾಧಾ ಡಾಕ್ಟರಮ್ಮ. ಬರೆದಿದ್ದ ಹಾಳೆಯನ್ನು ಹರಿದು, ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಬರೆಯುವ ಬೇರೆ ಹಾಳೆ ತೆಗೆದರು. ಗಡಿಯಾರ ಐದು ಹೊಡೆಯಿತು.

“ಆರಾಮ್ ಅದೀನ್ರಿ,” ಎಂದ ಧರ್ಮಣ್ಣ. “ಏನೂ ಆಗಿಲ್ಲ.”

ಮೇಜಿನ ಮೇಲಿನ ಟ್ಯಾಬಿನೊಳಗೆ ಇನ್ನೊಬ್ಬ ಎರಡು ಸಣ್ಣದಾಗಿ, ಒಂದು ದೊಡ್ಡದಾಗಿ ಕೆಮ್ಮಿದ.