ಅಪ್ಪ ದೇವರ ಜೊತೆ ಮಾತು ಬಿಟ್ಟದ್ದು

ಚಳಿಗಾಲದ ರಜೆ ಎಂದರೆ ಲಿಫ್ಟ್ ಮೇಸ್ತ್ರಿಗೆ ಮೈಯೆಲ್ಲ ಉರಿ. ಊರಿಗೆಲ್ಲ ರಜೆ ಬಂದರೆ ಇವನಿಗೆ ದುಪ್ಪಟ್ಟು ಕೆಲಸ. ಆರು ಜನ ಹತ್ತಬೇಕಾದ ಲಿಫ್ಟಿಗೆ ಹತ್ತು ಜನ ನೆಂಟರು ಪೆಟ್ಟಿಗೆ ಸಮೇತ ನುಗ್ಗುತ್ತಾರೆ. ಲಿಫ್ಟ್ ಎರಡು ಮಹಡಿಗಳ ನಡುವೆ ಮುಷ್ಕರ ಹೂಡುತ್ತದೆ. ಆಮೇಲೆ ಮೇಸ್ತ್ರಿಯ ಫೋನು ಬಾಯಿ ಬಡಿದುಕೊಳ್ಳುತ್ತದೆ. ಇಡೀ ದಿನ ಲಿಫ್ಟಿನ ಕೆಳಗಿನ ಕತ್ತಲ ಗುಂಡಿಯಲ್ಲಿ ಗ್ರೀಸ್ ಬಳಿದುಕೊಂಡು, ಮೇಲೆ ಸಿಕ್ಕಿಕೊಂಡವರ ಬೈಗುಳವನ್ನೆಲ್ಲ ತಲೆಯ ಮೇಲೆ ಹೊಯ್ಯಿಸಿಕೊಂಡು ಮನೆಗೆ ಬಂದರೆ, ಈ ವರ್ಷ ಮನೆಯೇ ಆ ಗುಂಡಿಗಿಂತ ಕತ್ತಲು.

ಅಮ್ಮ ಹೋಗಿ ಹತ್ತು ತಿಂಗಳಾಗಿತ್ತು. ಅಂದಿನಿಂದ ಅಪ್ಪ ದೇವರ ಜೊತೆ ಮಾತು ಬಿಟ್ಟಿದ್ದರು.

ದೇವರಿಲ್ಲ ಎಂದು ಅವರು ಯಾವತ್ತೂ ಹೇಳಲಿಲ್ಲ. ಹಾಗೆ ಹೇಳಿಬಿಟ್ಟರೆ ಜಗಳವಾಡುವುದು ಯಾರ ಜೊತೆ? ಅಪ್ಪ ನಲವತ್ತು ವರ್ಷ ಕೋರ್ಟಿನ ಎದುರು ಸಣ್ಣ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿದವರು. ಅವರ ಸಿಟ್ಟಿಗೂ ಒಂದು ಕಾನೂನಿತ್ತು. "ಊರಿನವರ ಅರ್ಜಿಯೆಲ್ಲ ನಾನೇ ಬರೆದೆ. ನನಗೆ ಅಂತ ಹಾಕಿದ್ದು ಒಂದೇ ಒಂದು, ಅವಳು ಆಸ್ಪತ್ರೇಲಿದ್ದಾಗ. ಅದೂ ವಜಾ. ಕಾರಣ ಕೂಡ ಕೊಡ್ಲಿಲ್ಲ. ಇನ್ನು ಆ ಕಚೇರಿ ಮೆಟ್ಟಿಲು ಹತ್ತಲ್ಲ" ಎಂದು ಒಮ್ಮೆ ಹೇಳಿ ಕೋಣೆ ಸೇರಿದವರು ಊಟಕ್ಕೂ ಹೊರಗೆ ಬರುತ್ತಿರಲಿಲ್ಲ. ತಟ್ಟೆ ಒಳಗೆ ಹೋಗುತ್ತಿತ್ತು, ಮುಕ್ಕಾಲು ಪಾಲು ಹಾಗೇ ಹೊರಗೆ ಬರುತ್ತಿತ್ತು.

"ರೀ, ಮಾವ ಇವತ್ತೂ ಎರಡೇ ತುತ್ತು" ಎಂದಳು ಹೆಂಡತಿ. (ಆಕೆಗೆ ಗ್ರಂಥಾಲಯದಲ್ಲಿ ಕೆಲಸ. ಹಗಲೆಲ್ಲ ಅಲ್ಲಿ ಜನರನ್ನು ಸುಮ್ಮನಿರಿಸಿ, ಉಳಿಸಿದ ಮಾತನ್ನೆಲ್ಲ ಮನೆಗೆ ತರುತ್ತಾಳೆ.)

"ನಾನೇನು ಮಾಡ್ಲಿ? ಲಿಫ್ಟ್ ಆಗಿದ್ರೆ ತಂತಿ ಬದಲಾಯಿಸ್ತಿದ್ದೆ."

"ನಿಮಗೆ ಎಲ್ಲಾದ್ರಲ್ಲೂ ತಮಾಷೆ. ಶನಿವಾರ ರಜೆ ಮುಗಿಯತ್ತೆ. ಅವತ್ತಾದ್ರೂ ಬಂದು ನಮ್ಮ ಜೊತೆ ಕೂರದಿದ್ರೆ ಅವರು ಇನ್ಯಾವತ್ತೂ ಕೂರಲ್ಲ, ಬರೆದಿಟ್ಕೊಳ್ಳಿ. ಅತ್ತೆ ಹೋದ ದಾರೀಲೇ ಅವರೂ ಹೊರಟಿದ್ದಾರೆ. ನಾವು ನೋಡ್ತಾ ಕೂತಿದೀವಿ."

ಇದು ತಮಾಷೆಯ ಮಾತಲ್ಲ ಎಂದು ಮೇಸ್ತ್ರಿಗೂ ಗೊತ್ತಿತ್ತು. ರಜೆಯ ಕೊನೆಯ ಸಂಜೆ ಆ ಮನೆಯಲ್ಲಿ ಒಂದು ಪ್ರಾರ್ಥನೆ ನಡೆಯುತ್ತಿತ್ತು. ಅಮ್ಮ ದೀಪ ಹಚ್ಚಿ, "ಎಲ್ಲವನ್ನೂ ನೋಡುತ್ತಿರುವ ಸ್ವಾಮಿಯೇ" ಎಂದು ಒಂದು ಸಾಲನ್ನು ಗಟ್ಟಿಯಾಗಿ ಹೇಳಿ, ಮುಂದಿನದನ್ನೆಲ್ಲ ಕಾಲು ಗಂಟೆ ಬಾಯೊಳಗೇ ಮಣಮಣ ಎನ್ನುತ್ತಿದ್ದಳು. ಮುಗಿದಾಗ ಉಳಿದವರು "ಕಾಪಾಡಪ್ಪ" ಎಂದರೆ ಆಯಿತು, ಊಟ. ಏನದು ಎಂದು ಕೇಳಿದರೆ "ನಮ್ಮಜ್ಜಿ ಕಲಿಸಿದ್ದು" ಎನ್ನುತ್ತಿದ್ದಳು. ಇನ್ನೊಬ್ಬರಿಗೆ ಬರುತ್ತಿರುತ್ತದೆ ಎಂದು ಮನೆಯಲ್ಲಿ ಪ್ರತಿಯೊಬ್ಬರೂ ನಂಬಿದ್ದರು. ಹೀಗಾಗಿ ಒಬ್ಬರೂ ಕಲಿಯಲಿಲ್ಲ.

ಹತ್ತು ವರ್ಷದ ಮಗಳು ಹೋಗಿ ತಾತನ ಬಾಗಿಲು ತಟ್ಟಿದಳು. "ತಾತ, ಶನಿವಾರ ಪ್ರಾರ್ಥನೆ ಇದೆ. ಬರ್ತೀರಲ್ವಾ?"

ಒಳಗಿನಿಂದ ಉತ್ತರ ಬಂತು. "ನಿಮ್ಮಜ್ಜಿ ಹೇಳ್ತಿದ್ದ ಪ್ರಾರ್ಥನೆ ಈ ಮನೇಲಿ ಇನ್ನೊಬ್ಬರಿಗೆ ಬರತ್ತೆ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ನನ್ನನ್ನ ನನ್ನ ಪಾಡಿಗೆ ಬಿಡಿ."

"ನನಗೆ ಬರತ್ತಲ್ಲ! ಪೂರ್ತಿ ಬಾಯಿಪಾಠ!" ಎಂದು ಮೇಸ್ತ್ರಿ ಹಜಾರದಿಂದಲೇ ಕೂಗಿಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೆಂಡತಿ ಇವನನ್ನು ಹದಿಮೂರು ವರ್ಷದಲ್ಲಿ ಮೊದಲ ಸಲ ಗೌರವದಿಂದ ನೋಡಿದಳು. ಆಮೇಲೆ ನಿಜ ಹೇಳುವ ಧೈರ್ಯ ಯಾವ ಗಂಡಸಿಗೆ ಬಂದೀತು?

ಶನಿವಾರಕ್ಕೆ ನಾಲ್ಕೇ ದಿನ. ಮೇಸ್ತ್ರಿ ಕಳ್ಳನಂತೆ ಅಮ್ಮನ ಟ್ರಂಕು ತೆಗೆದ. ನಾಲ್ಕು ಸೀರೆ, ಮಾತ್ರೆಯ ಖಾಲಿ ಪಟ್ಟಿಗಳು ಮತ್ತು ಇವನದೇ ಒಂದು ಹಳೆಯ ಉಣ್ಣೆ ಟೋಪಿ ಸಿಕ್ಕವು. ಪ್ರಾರ್ಥನೆಯ ಪುಸ್ತಕವಿರಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೆಲದ ಮೇಲೇ ಕುಳಿತಿದ್ದ. ಆಮೇಲೆ ಅಮ್ಮನ ಅಕ್ಕನಿಗೆ ಫೋನು ಮಾಡಿದ.

"ದೊಡ್ಡಮ್ಮ, ನಿಮ್ಮಜ್ಜಿ ಅಮ್ಮಂಗೆ ಒಂದು ಪ್ರಾರ್ಥನೆ ಕಲಿಸಿದ್ರಂತಲ್ಲ, ಅದು ನಿಮಗೆ ಬರತ್ತಾ?"

"ಅಜ್ಜಿನಾ? ನಾವು ಹುಟ್ಟೋಕ್ಕೆ ಮೊದಲೇ ಹೋಗಿದ್ಲಲ್ಲೋ! ಕನಸಲ್ಲಿ ಬಂದು ಕಲಿಸಿದ್ಲಾ?"

ಮೇಸ್ತ್ರಿ ಫೋನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತ.

ಶನಿವಾರ ಹಗಲೇ ಮಬ್ಬು, ಸಂಜೆಗೆ ಮಂಜು. ಅಪ್ಪ ಕೋಣೆಯಿಂದ ಹೊರಗೆ ಬಂದರು. ಶಾಲು ಹೊದ್ದ ಮೈ ಅರ್ಧಕ್ಕರ್ಧ ಇಳಿದಿತ್ತು. ಹೆಂಡತಿ ದೀಪ ಹಚ್ಚಿದಳು. ಅಮ್ಮನ ಜಾಗದಲ್ಲಿ ಇವನನ್ನೇ ಕೂರಿಸಿದರು. ಅಪ್ಪ ಪಕ್ಕದಲ್ಲೇ ಕುಳಿತು ಕಿವಿ ಇತ್ತ ಮಾಡಿದರು.

"ಎಲ್ಲವನ್ನೂ ನೋಡುತ್ತಿರುವ ಸ್ವಾಮಿಯೇ" ಎಂದು ಮೇಸ್ತ್ರಿ ಭರ್ಜರಿಯಾಗಿ ಶುರು ಮಾಡಿದ. ಮುಂದೆ ಮಣಮಣ.

"ಗಟ್ಟಿಯಾಗಿ ಹೇಳು" ಎಂದರು ಅಪ್ಪ.

ಭೂಮಿ ಬಾಯಿ ಬಿಡಲಿಲ್ಲ, ಕರೆಂಟೂ ಹೋಗಲಿಲ್ಲ. (ಹೋಗಬೇಕಾದಾಗ ಅದು ಯಾವತ್ತು ಹೋಗಿದೆ?) ಇಪ್ಪತ್ತು ವರ್ಷದಿಂದ ಪ್ರತಿ ಲಿಫ್ಟಿನ ಒಳಗೂ ತನ್ನ ಕೈಯಾರೆ ತಿರುಪು ಹಾಕಿ ಕೂರಿಸಿದ ಸೂಚನಾ ಫಲಕವೊಂದೇ ಅವನಿಗೆ ಈ ಜಗತ್ತಿನಲ್ಲಿ ಬಾಯಿಪಾಠವಾಗಿದ್ದದ್ದು. ಅದೇ ಹೊರಗೆ ಬಂತು, ರಾಗವಾಗಿ.

"ಒಮ್ಮೆಗೆ ಆರು ಜನ ಮಾತ್ರ... ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ... ಬಾಗಿಲಿಗೆ ಒರಗಬೇಡಿ..."

ಮಗಳು ಒಂದು ಕಣ್ಣು ತೆರೆದಳು. ಹೆಂಡತಿ ಅವನ ತೊಡೆ ಚಿವುಟಿದಳು. ಹತ್ತಿದ್ದಾಯಿತು, ನಡುವೆ ಇಳಿಯುವುದು ಹೇಗೆ? ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಮುಂದುವರಿದ. "ನಡುವೆ ಸಿಕ್ಕಿಕೊಂಡರೆ ಗಾಬರಿಯಾಗಬೇಡಿ. ಬಲವಂತವಾಗಿ ಬಾಗಿಲು ತೆರೆಯಬೇಡಿ. ಗಂಟೆ ಒತ್ತಿ ಕಾಯಿರಿ. ಯಾರಾದರೂ..."

ಅಮ್ಮ ಹೋದ ದಿನವೂ ಅವನು ಅತ್ತಿರಲಿಲ್ಲ, ಆಸ್ಪತ್ರೆಯವರ ಜೊತೆ ಓಡಾಡುವುದರಲ್ಲೇ ಆ ದಿನ ಕಳೆದಿತ್ತು. ಈಗ ಒಂದು ತಗಡಿನ ಫಲಕದ ಕೊನೆಯ ಸಾಲಿಗೆ ಬಂದು ಮಗುವಿನಂತೆ ಬಿಕ್ಕಿಬಿಟ್ಟ. "ಯಾರಾದರೂ ಬಂದೇ ಬರುತ್ತಾರೆ" ಎಂದು ಹೇಗೋ ಮುಗಿಸಿದ.

ಯಾರೂ "ಕಾಪಾಡಪ್ಪ" ಎನ್ನಲಿಲ್ಲ. ಅಪ್ಪ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು, ಹೆಗಲು ಅಲುಗುತ್ತಿತ್ತು. ಹೆಂಡತಿ ಗಾಬರಿಯಾಗಿ "ಮಾವ, ನೀರು ಕೊಡ್ಲಾ?" ಎಂದಳು. ಅಪ್ಪ ಮುಖದಿಂದ ಶಾಲು ತೆಗೆದರು. ಅಳುತ್ತಿದ್ದರು, ನಗುತ್ತಲೂ ಇದ್ದರು.

"ನಿಮ್ಮಮ್ಮಂಗೂ ಬರ್ತಿರ್ಲಿಲ್ಲ ಕಣೋ! ಪಕ್ಕದಲ್ಲೇ ಕೂತಿರ್ತಿದ್ದೆನಲ್ಲ, ಎಲ್ಲಾ ಕೇಳಿಸ್ತಿತ್ತು. ಒಂದು ಸಾಲು ದೇವರಿಗೆ, ಮಿಕ್ಕಿದ್ದೆಲ್ಲ ನನ್ನ ಮೇಲೆ ದೂರು. ಒದ್ದೆ ಕಾಲಲ್ಲಿ ಒಳಗೆ ಬರ್ತಾರೆ, ಔಷಧಿ ತಗೊಳಲ್ಲ, ಊರಿನವರ ಕಷ್ಟ ಕೇಳ್ತಾರೆ, ನನ್ನ ಮಾತು ಕೇಳಲ್ಲ... ಕೊನೇಲಿ, ಆದ್ರೂ ಇವರನ್ನ ನೋಡ್ಕೋ ಅನ್ನೋಳು. ಯಾರಿಗೂ ಬರಲ್ಲ ಅಂತ ಗೊತ್ತಿದ್ದೇ ಆ ಷರತ್ತು ಹಾಕಿದ್ದು ನಾನು. ನೀನು ನೋಡಿದ್ರೆ ಬಾಯಿಪಾಠ ಅಂದೆ. ಎಂಥ ಸುಳ್ಳು ಹೇಳ್ತಾನೋ ನೋಡೋಣ ಅಂತ ಬಂದೆ."

ಅಪ್ಪ ಮೂಗೊರೆಸಿಕೊಂಡು ನೆಟ್ಟಗೆ ಕುಳಿತರು. ಹತ್ತೂ ಬೆರಳನ್ನು ಮಂಡಿಯ ಮೇಲೆ, ಟೈಪ್ ಮಾಡುವವರ ಹಾಗೆ, ಇಟ್ಟುಕೊಂಡು ದೀಪದ ಕಡೆ ತಿರುಗಿದರು.

"ಎಲ್ಲವನ್ನೂ ನೋಡುತ್ತಿರುವ ಸ್ವಾಮಿಯೇ. ಹಿಂದಿನ ಅರ್ಜಿ ವಿಚಾರ ನಾನು ಬಿಟ್ಟಿಲ್ಲ, ಅದನ್ನ ಇನ್ನೊಂದು ದಿನ ಮಾತಾಡೋಣ. ಸದ್ಯಕ್ಕೆ ವಿಷಯ: ನನ್ನ ಮಗ."

ಅಪ್ಪ ಅವನ ಹುಟ್ಟಿನಿಂದ ಶುರು ಮಾಡಿದರು. ಎರಡನೇ ವಯಸ್ಸಿನಲ್ಲಿ ಟೈಪ್ ಯಂತ್ರದೊಳಗೆ ಹಾಲು ಸುರಿದದ್ದು, ಮೂರನೇ ಕ್ಲಾಸಿನಲ್ಲಿ ಜ್ವರವೆಂದು ಸುಳ್ಳು ಹೇಳಿದ್ದು, ಐದನೆಯದರಲ್ಲಿ ಅಪ್ಪನ ಸಹಿ ತಾನೇ ಮಾಡಿದ್ದು. ಮಗಳು ಕಣ್ಣರಳಿಸಿ ಕೇಳುತ್ತಿದ್ದಳು. ನಡುವೆ ಹೆಂಡತಿ ಕೈಮುಗಿದುಕೊಂಡೇ, "ಮಾವ, ಈಗಲೂ ಸುಳ್ಳು ಹೇಳ್ತಾರೆ ಅಂತಾನೂ ಸೇರಿಸಿ" ಎಂದು ಭಕ್ತಿಯಿಂದ ಬಿನ್ನವಿಸಿದಳು. ಅಡುಗೆ ಆರಿ ತಣ್ಣಗಾಯಿತು. ಮುಕ್ಕಾಲು ಗಂಟೆಯ ಮೇಲೆ ಅಪ್ಪ "ಇಷ್ಟು ಸಾಕು ಇವತ್ತಿಗೆ" ಎಂದು ಎದ್ದು, ಎಲ್ಲರ ಜೊತೆ ಮೇಜಿಗೆ ಬಂದು, ತಣ್ಣನೆಯ ಅನ್ನವನ್ನೇ ಎರಡು ಸಲ ಹಾಕಿಸಿಕೊಂಡು ಉಂಡರು. ಮೇಸ್ತ್ರಿಗೆ ತುತ್ತು ಇಳಿಯಲಿಲ್ಲ. ಅವಮಾನದಿಂದಲೋ ಸಂತೋಷದಿಂದಲೋ ಅವನಿಗೇ ತಿಳಿಯಲಿಲ್ಲ.

ಮಾತು ಬಿಟ್ಟ ಇಬ್ಬರನ್ನು ರಾಜಿ ಮಾಡಿಸಲು ಹೋದವರ ಗತಿ ಯಾವತ್ತೂ ಇಷ್ಟೇ. ಮರುದಿನ ಸಂಜೆ ಗ್ರೀಸ್ ಕೈಯಲ್ಲಿ ಬಾಗಿಲು ತಳ್ಳಿದರೆ ದೀಪ ಉರಿಯುತ್ತಿತ್ತು, ಮೂವರೂ ಸಾಲಾಗಿ ಕುಳಿತಿದ್ದರು.

"ಬೇಗ ಕೈತೊಳ್ಕೊಂಡು ಬಾರೋ, ನಿನಗೇ ಕಾಯ್ತಿದೀವಿ" ಎಂದರು ಅಪ್ಪ. "ನಿನ್ನೆ ನಿನ್ನ ಎಂಟನೇ ಕ್ಲಾಸಿಗೆ ನಿಲ್ಲಿಸಿದ್ದೆ."